ಉತ್ಸವಕ್ಕಿಂತ ವಾರದ ಹಾಡು ಮೇಲು

ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ 1974ರಲ್ಲಿ ಶುರುವಾದ ‘ಸ್ಟೇಷನ್ ಇನ್’ ಎಂಬ ಚಿಕ್ಕ ಕ್ಲಬ್ ಭಾನುವಾರ ರಾತ್ರಿಯ ಬ್ಲೂಗ್ರಾಸ್ ಕೂಟಕ್ಕೆ ಹೆಸರುವಾಸಿ. ಬ್ಲೂಗ್ರಾಸ್ ಎಂದರೆ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರ್‌ ಸೇರಿದ ಹಳ್ಳಿಗಾಡಿನ ಸಂಗೀತ. ಈ ಕೂಟಕ್ಕೆ ಟಿಕೆಟ್ ಇಲ್ಲ. ನುಡಿಸಬಲ್ಲವರು ವಾದ್ಯ ತಂದು ಸುತ್ತ ಕೂರುತ್ತಾರೆ. ಹೊಸಬರು ನುರಿತವರ ಪಕ್ಕದಲ್ಲೇ ಕಲಿಯುತ್ತಾರೆ. ಸುತ್ತಮುತ್ತ ಬಹುಮಹಡಿ ಕಟ್ಟಡಗಳು ಎದ್ದು ಜಾಗದ ಬೆಲೆ ಏರಿದ ಮೇಲೂ ಕ್ಲಬ್ಬಿಗೆ ಈ ಭಾನುವಾರವೇ ಗುರುತು.

ನಮ್ಮೂರ ಗುಡಿಗಳ ವಾರದ ಭಜನೆಯೂ ಹೀಗೇ ಅಲ್ಲವೇ? ಹಾರ್ಮೋನಿಯಂ, ತಬಲಾ, ತಾಳ ಇದ್ದರಾಯಿತು. ತತ್ವಪದ ಕಲಿತವರು ಕಲಿತದ್ದು ಅಲ್ಲೇ. ಆದರೆ ನಾವು ವರದಿಗಾರರು ಅತ್ತ ಹೋಗುವುದಿಲ್ಲ. ವರ್ಷಕ್ಕೊಮ್ಮೆ ನಡೆಯುವ ಉತ್ಸವಕ್ಕೆ ಓಡುತ್ತೇವೆ. ಉದ್ಘಾಟಿಸಿದವರ ಹೆಸರು ಮೊದಲ ಸಾಲಿಗೆ, ಹಾಡಿದವರದು ಕೊನೆಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಡೆಸ್ಕಿನವರು ಕತ್ತರಿಸುವುದೂ ಆ ಕೊನೆಯ ಸಾಲನ್ನೇ.

ಆಮೇಲೆ ‘ಜಾನಪದ ನಶಿಸುತ್ತಿದೆ’ ಎಂದು ಬರೆಯುವವರೂ ನಾವೇ! ಉತ್ಸವದ ಶಾಮಿಯಾನ ಮರುದಿನ ಬಿಚ್ಚುತ್ತಾರೆ. ಹಾಡು ಉಳಿಯುವುದು ಪ್ರತಿ ವಾರ ಸೇರುವವರಿಂದ. ಈ ವಾರ ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಭಜನೆಗೆ ಹೋಗೋಣ. ಹಾಡಿದವರ ಹೆಸರನ್ನೇ ಮೊದಲ ಸಾಲಿನಲ್ಲಿ ಬರೆಯೋಣ.