ಪಾನಾ ಹಿಡಿದ ಹುಡುಗ ದಡ್ಡನಲ್ಲ

"ಓದದಿದ್ರ ಗ್ಯಾರೇಜಿಗೆ ಹೋಗಿ ಪಾನಾ ಹಿಡೀಬೇಕಾಗ್ತದ ನೋಡು!" ಜತ್ತ ಕಡೆಯ ನಮ್ಮ ಕನ್ನಡ ಶಾಲೆಗಳಲ್ಲಿ ಮಾಸ್ತರರಾದ ನಾವೇ ಎಷ್ಟೋ ಸಲ ಆಡಿದ ಮಾತಿದು. ಈ ಮಾತನ್ನು ನಾವು ಇನ್ನು ಬಿಡಬೇಕು.

ನಮ್ಮ ಪಾಲಕರೊಬ್ಬರ ಹತ್ತಿರ ಹಳೆಯ ಎಚ್‌ಎಂಟಿ ಟ್ರ್ಯಾಕ್ಟರ್ ಇದೆ. ಜೆಕೊಸ್ಲೊವಾಕಿಯಾದ ಝೆಟರ್ ಮಾದರಿಯನ್ನು ಇಟ್ಟುಕೊಂಡು ಎಚ್‌ಎಂಟಿ 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತ್ತು. 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಕಾರ್ಖಾನೆ ಹೋದರೂ ಗಾಡಿಗಳು ಹೊಲದಲ್ಲಿವೆ. ಅವನ್ನು ಬದುಕಿಸಿದವರು ಊರೂರಿನ ಮಿಸ್ತ್ರಿಗಳು.

ಈ ಗಾಡಿ ನೀಲಿ ಹೊಗೆ ಬಿಡತೊಡಗಿತು. ಸಾಲ ಮಾಡಿ ಹೊಸ ಲೈನರ್, ಪಿಸ್ಟನ್, ರಿಂಗು ಹಾಕಿಸಿದರು. ಒಂದೇ ಹಂಗಾಮಿನಲ್ಲಿ ಮತ್ತೆ ಅದೇ ಹೊಗೆ! ಕೊನೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನೋಡಿದ. ಮೊದಲು ಎಂಜಿನ್ ಬಿಚ್ಚಲಿಲ್ಲ, ಏರ್ ಕ್ಲೀನರಿನಿಂದ ಬರುವ ರಬ್ಬರ್ ಪೈಪು ಬಿಚ್ಚಿ ಒಳಗೆ ಬೆರಳಾಡಿಸಿದ. ಬೆರಳಿಗೆ ಮಣ್ಣು! "ಸರ್, ಕಿಟ್ ಚಲೋನ ಐತ್ರಿ. ಪೈಪ್ ಸೀಳಿ ಧೂಳು ಒಳಗ ಹೊಂಟೈತಿ" ಎಂದ. ಎಣ್ಣೆಗೆ ಸೇರಿದ ಧೂಳು ಲೈನರನ್ನು ಉಸುಕಿನ ಕಾಗದದಂತೆ ತಿಕ್ಕುತ್ತದೆ. ನೂರಾರು ರೂಪಾಯಿಯ ಪೈಪು ಸಾವಿರಾರು ರೂಪಾಯಿಯ ಕೆಲಸವನ್ನು ನುಂಗಿತ್ತು.

ಆಮೇಲೆ ಅವನು ಮಾಡಿದ್ದೆಲ್ಲ ಲೆಕ್ಕವೇ. ಲೈನರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದ. ಮೇಲಿನ ರಿಂಗು ತಿರುಗುವಲ್ಲಿ ಸವೆತ ಹೆಚ್ಚಿರುತ್ತದೆ. ಕ್ರ್ಯಾಂಕು ದುಂಡಗಿದೆಯೋ ಮೊಟ್ಟೆಯಾಕಾರವಾಗಿದೆಯೋ ಎಂದು ಮೈಕ್ರೋಮೀಟರ್ ಹಿಡಿದು ನೋಡಿದ. ಅದನ್ನು 0.25 ಮಿ.ಮೀ. ಗ್ರೈಂಡಿಂಗ್ ಮಾಡಿಸಿದರೆ ಬೇರಿಂಗೂ ಅದೇ ಅಳತೆಯದು ಬೇಕು. ಲೈನರಿನ ಹೊರಮೈಗೆ ನೀರು ತಾಗುವುದರಿಂದ ಕೆಳಗಿನ ರಬ್ಬರ್ ರಿಂಗು ಹೊಸದಾಗಿ ಹಾಕಿದ. ಅದು ತುಂಡಾದರೆ ನೀರು ಎಣ್ಣೆಗಿಳಿದು ಎಣ್ಣೆ ಹಾಲು ಹಾಕಿದ ಚಹಾದಂತಾಗುತ್ತದೆ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿದ.

ಇದೇ ಹುಡುಗನಿಗೆ ದಶಾಂಶ ಬರುವುದಿಲ್ಲವೆಂದು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದೆವು! ದಶಾಂಶ ಅವನಿಗೆ ಬಾರದೆ ಇರಲಿಲ್ಲ. ಅದು ಯಾವ ಕೆಲಸಕ್ಕೆ ಬರುತ್ತದೆಂದು ನಾವು ತೋರಿಸಿರಲಿಲ್ಲ.

"ಐಟಿಐನಲ್ಲಿ ಮರಾಠಿ, ಪುಸ್ತಕ ಇಂಗ್ಲಿಷು, ಕನ್ನಡ ಕಲಿತು ಏನು ಉಪಯೋಗ?" ಎಂದು ಪಾಲಕರು ಕೇಳುತ್ತಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಪಿಸ್ಟನ್ ಎಲ್ಲ ಭಾಷೆಯಲ್ಲೂ ಪಿಸ್ಟನ್ನೇ. ಹೆಸರು ಯಾವ ಭಾಷೆಯದಾದರೂ ಇರಲಿ, "ಯಾಕೆ ಸವೆಯಿತು?" ಎಂಬ ವಿಚಾರ ಮನೆಮಾತಿನಲ್ಲೇ ಗಟ್ಟಿಯಾಗುವುದು. ಆ ವಿಚಾರ ಇಲ್ಲದವನು ಯಾವ ಭಾಷೆ ಕಲಿತರೂ ಕಿಟ್ ಬದಲಿಸುವವನೇ ಆಗುತ್ತಾನೆ.

ಶಿಕ್ಷಕ ಬಂಧುಗಳೇ, ಸವೆದ ಲೈನರೊಂದನ್ನು ತರಗತಿಗೆ ತನ್ನಿ. ಗ್ಯಾರೇಜಿನ ಹಳೆಯ ವಿದ್ಯಾರ್ಥಿಯನ್ನು ಕರೆದು ಒಂದು ಪಾಠ ಮಾಡಿಸಿ, ಮಕ್ಕಳೆದುರು ಕುರ್ಚಿ ಕೊಡಿ. ಪಾಲಕರೇ, ನಿಮ್ಮ ಟ್ರ್ಯಾಕ್ಟರಿಗೊಂದು ನೋಟುಪುಸ್ತಕ ಇಡಿ. ಎಷ್ಟು ತಾಸು ಓಡಿತು, ಎಣ್ಣೆ ಯಾವಾಗ ಬದಲಿಸಿದಿರಿ, ಏರ್ ಕ್ಲೀನರ್ ಯಾವಾಗ ತೊಳೆದಿರಿ, ಕ್ರ್ಯಾಂಕಿನ ಅಳತೆ ಎಷ್ಟು ಎಲ್ಲವೂ ಅದರಲ್ಲಿರಲಿ. ಬರೆಯುವ ಕೆಲಸ ಮಗನಿಗೋ ಮಗಳಿಗೋ ಕೊಡಿ.

ಕನ್ನಡದಲ್ಲೇ ಬರೆಯಲಿ. ಎಂಜಿನ್ನೂ ಉಳಿಯುತ್ತದೆ, ಅಕ್ಷರವೂ ಉಳಿಯುತ್ತದೆ.