ಆರಂಭಶೂರತ್ವವೂ ತೆಂಗಿನ ಪಾಠವೂ

ಹಿಡಿದ ಕಾರ್ಯವನ್ನು ನಡುವೆಯೇ ಕೈಬಿಟ್ಟವರನ್ನು ಆರಂಭಶೂರರೆಂದು ಹಳಿಯುವುದು ನಮ್ಮ ಜನರಲ್ಲಿ ವಾಡಿಕೆಯಾಗಿದೆ. ಓದನ್ನು ನಿಲ್ಲಿಸಿದ ತರುಣನಿಗೂ, ಹೂಡಿದ ಉದ್ಯಮವನ್ನು ಮುಚ್ಚಿದ ಗೃಹಸ್ಥನಿಗೂ, ತೋಟವನ್ನು ಪಾಳುಗೆಡವಿದ ರೈತನಿಗೂ ಈ ಒಂದೇ ಬಿರುದು ಸಲ್ಲುತ್ತದೆ. ಛಲವಿಲ್ಲ, ತಾಳ್ಮೆಯಿಲ್ಲವೆಂದು ಹೇಳಿಬಿಟ್ಟರೆ ವಿಚಾರವು ಮುಗಿಯಿತೆಂದು ಭಾವಿಸುತ್ತೇವೆ. ಇದು ನ್ಯಾಯವಾದ ತೀರ್ಪೇ ಎಂಬುದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಉಚಿತವೆಂದು ತೋರುತ್ತದೆ.

ಈ ಸೀಮೆಯವರಿಗೆ ತಾಳ್ಮೆಯನ್ನು ಬೋಧಿಸಹೊರಡುವವನು ನಗೆಗೀಡಾಗುವನು. ನಾಟಿ ತೆಂಗಿನ ಸಸಿಯನ್ನು ನೆಟ್ಟವನು ಫಲವನ್ನು ಕಾಣಬೇಕಾದರೆ ಆರೇಳು ವರ್ಷಗಳಾದರೂ ಕಾಯಬೇಕು. ಬಲಿತ ಕಾಯನ್ನು ಅಟ್ಟಕ್ಕೇರಿಸಿದ ಮೇಲೂ ಹೆಚ್ಚು ಕಡಮೆ ಒಂದು ವರ್ಷ ಕಾಯುವುದುಂಟು. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದಾಗ ಗಿಟುಕು ಸದ್ದುಮಾಡಿದರೆ ಮಾತ್ರವೇ ಉಂಡೆ ಕೊಬ್ಬರಿಯು ಸಿದ್ಧವಾದಂತೆ. ಆದರೂ ಮೂರನೆಯ ವರ್ಷಕ್ಕೆ ಫಲವಿಲ್ಲವೆಂದು ಸಸಿಯನ್ನು ಕಿತ್ತೆಸೆಯುವ ರೈತನಿಲ್ಲ. ಗಿಡದ ಅವಧಿಯು ಊರಿಗೆಲ್ಲ ತಿಳಿದಿದೆ. ನೆರೆಯವನೂ ಹಾಗೆಯೇ ಕಾಯುತ್ತಿರುವನು. ನಮ್ಮ ಸ್ವಂತ ಸಂಕಲ್ಪಗಳಿಗಾದರೋ ಈ ಎರಡು ಆಧಾರಗಳೂ ಇಲ್ಲ. ಸಂಗೀತವನ್ನಾಗಲಿ, ಪರಭಾಷೆಯನ್ನಾಗಲಿ ಕಲಿಯತೊಡಗಿದವನು ಅದಕ್ಕೆಷ್ಟು ಕಾಲ ಹಿಡಿಯುವುದೆಂದು ಬಲ್ಲವರನ್ನು ಕೇಳುವುದಿಲ್ಲ; ತನ್ನ ಜೊತೆಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಏಳನೆಯ ವರ್ಷದ ಫಲವನ್ನು ಮೂರನೆಯ ತಿಂಗಳಿನಲ್ಲಿ ಹುಡುಕಿ, ಕಾಣದೆ, ತನ್ನಿಂದಾಗದೆಂದು ಕೈಚೆಲ್ಲುವನು.

ಕಾಯುವವನಿಗೆ ನಡುವೆ ಹೊಟ್ಟೆಗೆ ಬೇಕೆಂಬುದನ್ನೂ ಈ ಸೀಮೆಯವರು ಮರೆತಿಲ್ಲ. ಎಳೆಯ ಸಸಿಗಳ ಸಾಲಿನ ನಡುವೆ ರಾಗಿ, ಹುರುಳಿ, ಅವರೆಗಳನ್ನು ಬಿತ್ತುವರು. ನೀರಿನ ಅನುಕೂಲವಿದ್ದವರು ಬಾಳೆಯನ್ನಿಡುವರು. ವರ್ಷವರ್ಷವೂ ಕೈಗೆ ಬರುವ ಈ ಸಣ್ಣ ಬೆಳೆಯೇ ದೊಡ್ಡ ಬೆಳೆಯನ್ನು ಕಾಯುವ ಶಕ್ತಿಯನ್ನು ಕೊಡುತ್ತದೆ. ದೊಡ್ಡ ಗುರಿಯೊಂದನ್ನೇ ನೆಟ್ಟು ನಡುವೆ ಏನನ್ನೂ ಬಿತ್ತದವನು ಕೈಬಿಟ್ಟರೆ ಆಶ್ಚರ್ಯವೇನು?

ಇಷ್ಟು ಬಲ್ಲವರೂ ಕೈಬಿಡುವ ಕಾಲವೊಂದುಂಟು. 2023ರ ಹಂಗಾಮಿಗೆ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಾಲಿಗೆ 11,750 ರೂಪಾಯಿ. ಅದೇ ವರ್ಷ ಮಾರುಕಟ್ಟೆಯ ಧಾರಣೆಯು 10,000 ರೂಪಾಯಿಗಿಂತಲೂ ಕೆಳಗಿಳಿಯಿತು. 2024ರಲ್ಲಿ ಬೆಂಬಲ ಬೆಲೆಯ ಖರೀದಿಗೆ ಹೆಸರು ಬರೆಸಲು ರೈತರು ಸಾಲುಗಟ್ಟಿ ನಿಂತರು. 2025ರಲ್ಲಿ ಧಾರಣೆಯು 20,000 ರೂಪಾಯಿಗಳನ್ನು ದಾಟಿತು. ಕೈಯಲ್ಲಿ ಹಣವಿದ್ದು, ಇಳಿಗಾಲದಲ್ಲಿಯೂ ತೋಟಕ್ಕೆ ಗೊಬ್ಬರ ನೀರುಗಳನ್ನು ತಪ್ಪಿಸದವನಿಗೆ ಈ ಏರಿಕೆಯು ಪೂರ್ಣವಾಗಿ ದಕ್ಕಿತು. ಸಾಲದ ಕಂತು ಕುತ್ತಿಗೆಗೆ ಬಂದವನಾದರೋ ಕಾಯನ್ನು ಅಟ್ಟಕ್ಕೇರಿಸದೆ ಹಸಿಯಾಗಿಯೇ ಮಾರಬೇಕು. ತೋಟದ ಆರೈಕೆಯನ್ನು ಮೊಟಕುಮಾಡಬೇಕು. ಇವರಿಬ್ಬರಲ್ಲಿ ಒಬ್ಬನಿಗೆ ಛಲವಿತ್ತು, ಇನ್ನೊಬ್ಬನಿಗಿರಲಿಲ್ಲವೆಂದು ಯಾರು ಹೇಳಬಲ್ಲರು? ತಾಳ್ಮೆಯೆಂಬುದು ಗುಣ ಮಾತ್ರವಲ್ಲ, ಅದೊಂದು ಬಂಡವಾಳ. ಆ ಬಂಡವಾಳವು ಎಲ್ಲರ ಮನೆಯಲ್ಲಿಯೂ ಸಮನಾಗಿಲ್ಲ. ಪರೀಕ್ಷೆಗೆ ಎರಡು ವರ್ಷ ಓದಬೇಕಾದ ಬಡ ವಿದ್ಯಾರ್ಥಿಯು ಆರನೆಯ ತಿಂಗಳಿನಲ್ಲಿ ಅಂಗಡಿಯ ಲೆಕ್ಕ ಬರೆಯಲು ಹೋಗುವುದೂ ಇದೇ ಕಾರಣದಿಂದ.

ಹಾಗಾದರೆ ಆಲಸ್ಯವೆಂಬುದೇ ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ, ಅದನ್ನು ನಾವು ಸಮರ್ಥಿಸುವುದಿಲ್ಲ. ಬಿಡಬೇಕಾದುದನ್ನು ಬಿಡುವ ವಿವೇಕವೂ ಉಂಟು. ತೆಂಗಿಗೆ ಸುಳಿಯು ಒಂದೇ. ಕೆಂಪು ಮೂತಿ ಹುಳುವು ಸುಳಿಯನ್ನೇ ತಿಂದುಹಾಕಿದ ಮರಕ್ಕೆ ನೀರೆರೆಯುವುದು ಛಲವಲ್ಲ, ಭ್ರಮೆ. ಆದರೆ ಗರಿಯೊಣಗಿದ ಮಾತ್ರಕ್ಕೆ ಸುಳಿಯೇ ಸತ್ತಿತೆಂದು ತಿಳಿದು ಮರವನ್ನು ಕಡಿಯುವುದು ಅದಕ್ಕಿಂತಲೂ ಹೆಚ್ಚಿನ ಅವಿವೇಕ. ಗುರಿಯನ್ನು ಬಿಡುವ ಮುನ್ನ ಒಣಗಿದುದು ಗರಿಯೋ ಸುಳಿಯೋ ಎಂಬುದನ್ನು ಪ್ರತಿಯೊಬ್ಬನೂ ನೋಡಿಕೊಳ್ಳತಕ್ಕದ್ದು.

ಆದುದರಿಂದ ಉಪದೇಶಕ್ಕಿಂತ ಏರ್ಪಾಡು ಮುಖ್ಯವೆಂಬುದು ನಮ್ಮ ಮತ. ಫಲ ಬರುವ ಮೊದಲೇ ಕಂತು ಕೇಳುವ ಸಾಲವು ಸಾಲವಲ್ಲ, ಉರುಳು. ಖರೀದಿ ಕೇಂದ್ರಗಳು ಸಣ್ಣ ರೈತನ ಅಟ್ಟ ಖಾಲಿಯಾಗುವ ಮೊದಲೇ ತೆರೆಯಬೇಕು. ದಾಸ್ತಾನಿನ ಮೇಲೆ ಕಡಮೆ ಬಡ್ಡಿಗೆ ಮುಂಗಡ ದೊರೆಯಬೇಕು. ಓದುವ ಬಡ ಹುಡುಗನಿಗೆ ವಿದ್ಯಾರ್ಥಿವೇತನವು ವರ್ಷದ ಕೊನೆಗಲ್ಲ, ಮೊದಲಿಗೇ ಕೈಸೇರಬೇಕು. ಇವು ಅಧಿಕಾರದಲ್ಲಿರುವ ಮಹನೀಯರ ಕೈಯಲ್ಲಿವೆ. ಗುರಿಯ ಅವಧಿಯನ್ನು ಮೊದಲೇ ತಿಳಿದುಕೊಳ್ಳುವುದು, ಜೊತೆಗಾರರನ್ನು ಕೂಡಿಸಿಕೊಳ್ಳುವುದು, ನಡುವೆ ಸಣ್ಣ ಬೆಳೆಯೊಂದನ್ನು ಬಿತ್ತಿಕೊಳ್ಳುವುದು ನಮ್ಮ ನಮ್ಮ ಕೈಯಲ್ಲಿದೆ. ತಾಳಿದವನು ಬಾಳಿಯಾನೆಂಬ ಗಾದೆಯು ಸುಳ್ಳಲ್ಲ. ಆದರೆ ತಾಳುವವನಿಗೂ ಅನ್ನ ಬೇಕೆಂಬುದನ್ನು ಮರೆತು ಗಾದೆಯನ್ನು ಮಾತ್ರ ಹೇಳುವವರು ಅದರ ಅರ್ಧವನ್ನೇ ಹೇಳಿದಂತಾಯಿತು.