ನ್ಯಾಯಾಧೀಶರ ಕೈ ಕಟ್ಟಬೇಕೇ?

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂದಾಗ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 7 ವರ್ಷ, ಘೋರ ಸ್ವರೂಪದ್ದಾದರೆ 10 ವರ್ಷ ಶಿಕ್ಷೆಯಿತ್ತು. 2019ರ ತಿದ್ದುಪಡಿಯಲ್ಲಿ ಅದು 10 ಮತ್ತು 20ಕ್ಕೆ ಏರಿತು. ಮಗುವಿಗೆ 16 ತುಂಬಿರದಿದ್ದರೆ ಎಲ್ಲದಕ್ಕೂ 20. ಹೀಗೆ ಇಷ್ಟಕ್ಕಿಂತ ಕೆಳಗಿಳಿಯಕೂಡದೆಂದು ಸಂಸತ್ತೇ ಗೆರೆ ಎಳೆಯುವುದು ಸರಿಯೇ? ಅಥವಾ ಎದುರಿಗೆ ಕೂತು ಸಾಕ್ಷ್ಯ ಕೇಳಿದ ನ್ಯಾಯಾಧೀಶರಿಗೇ ಅದನ್ನು ಬಿಡಬೇಕೇ?

ಪರ

ನ್ಯಾಯಾಧೀಶರ ವಿವೇಚನೆಯನ್ನು ನಂಬಿ ನೋಡಿದ್ದಾಗಿದೆ. ಹಳೆಯ ದಂಡಸಂಹಿತೆಯ 376ನೇ ಕಲಮಿನಲ್ಲಿ ಕನಿಷ್ಠ ಶಿಕ್ಷೆಯೇನೋ ಇತ್ತು. ಸಮರ್ಪಕ ಹಾಗೂ ವಿಶೇಷ ಕಾರಣ ಬರೆದಿಟ್ಟರೆ ಅದಕ್ಕಿಂತ ಕಡಿಮೆ ಕೊಡಬಹುದೆಂಬ ಹಿಂಬಾಗಿಲೂ ಇತ್ತು. ಆ ಬಾಗಿಲಿನಿಂದ ಎಂಥವರು ಹೋದರು ಎಂಬುದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣವಿದೆ. ಏಳೆಂಟು ವರ್ಷದ ಹುಡುಗಿ, ನಡುವಯಸ್ಸಿನ ಅಪರಾಧಿ. ಸೆಷನ್ಸ್ ನ್ಯಾಯಾಲಯ ಕೊಟ್ಟಿದ್ದ 10 ವರ್ಷವನ್ನು ಹೈಕೋರ್ಟ್ 4ಕ್ಕೆ ಇಳಿಸಿತು. ಕಾರಣ? ಆತ ಓದುಬರಹ ಬಾರದವ, ದುರ್ಬಲ ವರ್ಗದವ, ಕುಡಿತದ ಚಟದವ, ಅಮಲಿನಲ್ಲಿ ಹಾಗೆ ಮಾಡಿದ. ಮುದಿ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿದ್ದಾರೆ. ಕುಡಿದದ್ದಕ್ಕೂ ರಿಯಾಯಿತಿ! 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ತಳ್ಳಿಹಾಕಿ 10 ವರ್ಷವನ್ನೇ ಮರಳಿ ವಿಧಿಸಿತು. ಸರ್ಕಾರ ಮೇಲ್ಮನವಿ ಹಾಕದೆ ಸುಮ್ಮನಿದ್ದಿದ್ದರೆ ನಾಲ್ಕೇ ಖಾಯಂ ಆಗುತ್ತಿತ್ತು.

2013ರಲ್ಲಿ ಸಂಸತ್ತು ಆ ಹಿಂಬಾಗಿಲನ್ನು ಮುಚ್ಚಿತು. ಪೋಕ್ಸೊದಲ್ಲಿ ಅದು ಮೊದಲಿನಿಂದಲೂ ಇಲ್ಲ. ಆದರೂ ಚಾಳಿ ಹೋಗಲಿಲ್ಲ. ಅಲಹಾಬಾದ್ ಹೈಕೋರ್ಟ್ 10 ವರ್ಷವನ್ನು 7 ಮಾಡಿದ್ದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿ, ಕನಿಷ್ಠ ಎಂದರೆ ಕನಿಷ್ಠವೇ ಎಂದು ಮತ್ತೊಮ್ಮೆ ತಿಳಿಹೇಳಬೇಕಾಯಿತು.

ಆರೋಪಿ ಸಾಮಾನ್ಯವಾಗಿ ಗುರುತಿನವನೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಹೇಳುತ್ತದೆ. ಅಂದರೆ ಅವನು ಬಿಡುಗಡೆಯಾಗಿ ಬರುವುದು ಅದೇ ಓಣಿಗೆ. ಹುಡುಗಿ ಶಾಲೆ ಮುಗಿಸುವವರೆಗಾದರೂ ಅಂಗಡಿಕಟ್ಟೆಯ ಮೇಲೆ ಅವನ ಮುಖ ಕಾಣದಿರಲಿ ಎಂದು ಬಯಸುವ ಮನೆಯವರಿಗೆ ಖಾತ್ರಿ ಬೇಕು. ಇಂಥ ನ್ಯಾಯಾಧೀಶರು ಸಿಕ್ಕರೆ ಇಷ್ಟು, ಅಂಥವರು ಸಿಕ್ಕರೆ ಅಷ್ಟು ಎಂಬ ಲಾಟರಿಯನ್ನು ಅವರ ಕೈಗೆ ಕೊಡಬಾರದು.

ವಿರೋಧ

ಬಾಗಿಲು ಮುಚ್ಚಿದಿರಿ, ವಿವೇಚನೆ ಕಿಟಕಿಯಿಂದ ನುಸುಳಿತು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ತೀರ್ಪು ನೆನಪಿರಬಹುದು. ಬಟ್ಟೆಯ ಮೇಲಿಂದ ಮುಟ್ಟಿದರೆ ಪೋಕ್ಸೊ ಅಡಿಯ ಲೈಂಗಿಕ ದೌರ್ಜನ್ಯವಲ್ಲ ಎಂದು ಹೇಳಿ, 3 ವರ್ಷದ ಕನಿಷ್ಠ ಶಿಕ್ಷೆ ತಪ್ಪಿಸಿ ಬೇರೆ ಕಲಮಿನಡಿ 1 ವರ್ಷ ಕೊಟ್ಟರು. ಶಿಕ್ಷೆ ಕಠಿಣವಾಗಿರುವುದರಿಂದ ಪುರಾವೆಯೂ ಅಷ್ಟೇ ಗಟ್ಟಿಯಾಗಿರಬೇಕು ಎಂದು ಆ ತೀರ್ಪಿನಲ್ಲೇ ಇದೆ. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು, ಒಳ್ಳೆಯದೇ ಆಯಿತು. ಆದರೆ ಕನಿಷ್ಠ ಶಿಕ್ಷೆ ಭಾರವಾದಷ್ಟೂ ಅಪರಾಧದ ವ್ಯಾಖ್ಯೆಯನ್ನೇ ಕುಗ್ಗಿಸುವ ಆಸೆ ಹುಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗುರುತಿನವನೇ ಆರೋಪಿ ಎಂಬ ಅದೇ ಮಾತನ್ನು ಕಟಕಟೆಯ ಕಡೆಯಿಂದ ನೋಡಿ. ಮೈದುನನಿಗೆ ಇಪ್ಪತ್ತು ವರ್ಷ ಗ್ಯಾರಂಟಿ ಎಂದು ಗೊತ್ತಾದ ದಿನ ಅತ್ತೆಮನೆಯವರು ತಾಯಿಯನ್ನು ಸುತ್ತುವರಿಯುತ್ತಾರೆ. ಮಗು 'ನನಗೇನೂ ನೆನಪಿಲ್ಲ' ಎನ್ನುತ್ತದೆ. ಸಾಕ್ಷಿ ಉಲ್ಟಾ ಹೊಡೆದ ಮೇಲೆ ಇಪ್ಪತ್ತೂ ಇಲ್ಲ, ಎರಡೂ ಇಲ್ಲ.

ಇನ್ನು ಹದಿನಾರು ದಾಟಿದವರ ವಿಷಯ. ಮನೆ ಬಿಟ್ಟು ಹೋಗಿ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡ ಹದಿನೇಳರ ಹುಡುಗಿ ತಾಯಿ ಕಾರ್ಡ್ ಮಾಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ ಎಂದುಕೊಳ್ಳಿ. ಆಧಾರ್ ನೋಡಿದ ವೈದ್ಯರು ಠಾಣೆಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರ ಮೇಲೆಯೇ ಕೇಸು. ಬಸುರಿಯಾದ ಕಾರಣಕ್ಕೆ ಅದು ಘೋರ ಅಪರಾಧವಾಗುತ್ತದೆ. ಹತ್ತೊಂಬತ್ತರ ಹುಡುಗನಿಗೆ ಕನಿಷ್ಠ 20 ವರ್ಷ! ಏಳು ವರ್ಷದ ಕೂಸನ್ನು ಕೆಡಿಸಿದವನಿಗೂ ಇವನಿಗೂ ಒಂದೇ ತಕ್ಕಡಿ. ಇದು ಅಪರೂಪವೂ ಅಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 7,064 ಪೋಕ್ಸೊ ತೀರ್ಪುಗಳನ್ನು ಓದಿದಾಗ ಹತ್ತಿರಹತ್ತಿರ ನಾಲ್ಕರಲ್ಲೊಂದು ಪ್ರೇಮಪ್ರಕರಣವಾಗಿತ್ತು. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ಒಪ್ಪಿಗೆಯ ವಯಸ್ಸಿನ ಪ್ರಶ್ನೆಯನ್ನು ಕಾನೂನು ಆಯೋಗ ಮರುಪರಿಶೀಲಿಸಲಿ ಎಂದಿತು.

ಪರ, ಮತ್ತೊಮ್ಮೆ

ಹಾಗಿದ್ದರೆ ಅದು ವಯಸ್ಸಿನ ಪ್ರಶ್ನೆ, ಶಿಕ್ಷೆಯದಲ್ಲ. ಪ್ರೇಮಿಗಳನ್ನು ಕಾಪಾಡಬೇಕಾದರೆ ವ್ಯಾಖ್ಯೆ ತಿದ್ದಿ, ಕೂಸಿನ ಮೇಲೆ ಎರಗಿದವನಿಗೂ ಅದೇ ನೆಪದಲ್ಲಿ ದಾರಿ ಬಿಡಬೇಡಿ. 'ಪ್ರೇಮ' ಎಂಬುದನ್ನೂ ಸ್ವಲ್ಪ ಎಚ್ಚರದಿಂದ ಬಳಸಿ. 2025ರಲ್ಲಿ ಸುಪ್ರೀಂ ಕೋರ್ಟ್ ತಪ್ಪಿತಸ್ಥನೆಂದು ಹೇಳಿಯೂ ಶಿಕ್ಷೆ ವಿಧಿಸದೆ ಬಿಟ್ಟ ಬಂಗಾಳದ ಪ್ರಕರಣದಲ್ಲಿ ಘಟನೆಯ ಹೊತ್ತಿಗೆ ಹುಡುಗಿಗೆ 14, ಅವನಿಗೆ 25.

ವಿರೋಧ, ಮತ್ತೊಮ್ಮೆ

ಕಾನೂನು ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸನ್ನು 18ರಿಂದ ಇಳಿಸುವುದು ಬೇಡವೆಂದೇ ಹೇಳಿತು. ಹದಿನಾರರಿಂದ ಹದಿನೆಂಟರ ನಡುವಿನ, ಒಪ್ಪಿಗೆ ಕಾಣುವ ಪ್ರಕರಣಗಳಲ್ಲಿ ಶಿಕ್ಷೆ ತಗ್ಗಿಸುವ ವಿವೇಚನೆ ನ್ಯಾಯಾಧೀಶರಿಗಿರಲಿ ಎಂದಿತು. ನಾವು ಕೇಳುತ್ತಿರುವುದೂ ಅಷ್ಟೇ. ಬಂಗಾಳದ ಪ್ರಕರಣದಲ್ಲಿ ಗಂಡನನ್ನು ಬಿಡಿಸಿಕೊಳ್ಳಲು ಕೋರ್ಟು ಕಚೇರಿ ಅಲೆದು ಹಣ್ಣಾದವಳು ಆ ಹುಡುಗಿಯೇ. ಅವಳನ್ನು ನೋಡಿ ಸುಪ್ರೀಂ ಕೋರ್ಟ್, ಸಂಪೂರ್ಣ ನ್ಯಾಯ ಒದಗಿಸಲು ವಿಶೇಷ ಅಧಿಕಾರ ಕೊಡುವ ಸಂವಿಧಾನದ 142ನೇ ವಿಧಿಯನ್ನು ಬಳಸಿತು. ಆ ವಿಧಿ ಇರುವುದು ದೆಹಲಿಯ ಆ ಒಂದು ಕೋರ್ಟಿಗೆ ಮಾತ್ರ. ಕೊಪ್ಪಳದಲ್ಲೋ ರಾಯಚೂರಿನಲ್ಲೋ ಕೂತ ವಿಶೇಷ ನ್ಯಾಯಾಧೀಶರ ಮುಂದೆ ಇಂಥದೇ ಹುಡುಗಿ ಕೂಸನ್ನೆತ್ತಿಕೊಂಡು ನಿಂತರೆ, ಅವರು ಬರೆಯಬಹುದಾದದ್ದು ಎರಡೇ: ಇಪ್ಪತ್ತು ವರ್ಷ, ಇಲ್ಲವೇ ಸಾಕ್ಷ್ಯ ಸಾಲದು ಎಂಬ ಸುಳ್ಳು.